ಕೊಬ್ಬಲ್ಲ, ನಾರು ಎಷ್ಟಿದೆ ಕೇಳಿ

ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಹೊಸ ಮಾತೊಂದು ಬಂದು ಸೇರಿದೆ. ಹೊಟ್ಟೆನೋವೆಂದೋ, ಪಿತ್ತಕೋಶದಲ್ಲಿ ಕಲ್ಲಿರಬಹುದೆಂದೋ, ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆಗೆಂದೋ ಸ್ಕ್ಯಾನಿಂಗ್ ಮಾಡಿಸುತ್ತೇವೆ. ರಿಪೋರ್ಟ್ ಕೈಗೆ ಬರುತ್ತದೆ. ಕೊನೆಯ ಸಾಲಿನಲ್ಲಿ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂದಿರುತ್ತದೆ. ‘ಏನು ಡಾಕ್ಟ್ರೇ ಇದು?’ ಎಂದು ಕೇಳಿದರೆ, ‘ಈಗ ಎಲ್ಲರಿಗೂ ಇರುತ್ತೆ, ಎಣ್ಣೆ ಪದಾರ್ಥ ಕಡಿಮೆ ಮಾಡಿ’ ಎಂಬ ಉತ್ತರ ಸಿಗುತ್ತದೆ. ಫೈಲು ಬೀರುವಿಗೆ ಹೋಗುತ್ತದೆ.

ಎಲ್ಲರಿಗೂ ಇರುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ನೂರು ವಯಸ್ಕರಲ್ಲಿ ಸುಮಾರು 38 ಮಂದಿಗೆ ಫ್ಯಾಟಿ ಲಿವರ್ ಇರುವುದು ಕಂಡಿದೆ. ಪ್ರಪಂಚದ ಲೆಕ್ಕ ಹಿಡಿದರೆ ನೂರಕ್ಕೆ ಸುಮಾರು 30. ಆದರೆ ಬಹಳ ಜನರಿಗೆ ಇದೆ ಎಂದ ಮಾತ್ರಕ್ಕೆ ಯಾರಿಗೂ ಅಪಾಯವಿಲ್ಲ ಎಂದಾಗುವುದಿಲ್ಲ. ಇವರಲ್ಲಿ ಹೆಚ್ಚಿನವರ ಲಿವರು ಜೀವಮಾನವಿಡೀ ಹಾಗೆಯೇ ಇದ್ದುಬಿಡುತ್ತದೆ. ಕೆಲವರದು ಹತ್ತು ಇಪ್ಪತ್ತು ವರ್ಷಗಳಲ್ಲಿ ಗಟ್ಟಿಯಾಗಿ ಗಂಟುಗಟ್ಟುತ್ತದೆ, ಅಂದರೆ ಸಿರೋಸಿಸ್ ಆಗುತ್ತದೆ. ಅವರಲ್ಲಿ ಕೆಲವರಿಗೆ ಲಿವರ್ ಕ್ಯಾನ್ಸರ್ ಬರುತ್ತದೆ. ಆ ಕೆಲವರು ಯಾರು? ಅವರನ್ನು ಮುಂಚೆಯೇ ಗುರುತಿಸುವುದು ಹೇಗೆ? ಇವತ್ತಿನ ಮಾತು ಇದರ ಸುತ್ತಲೇ.

ನಿಮ್ಮ ಬಲಗೈಯನ್ನು ಬಲಪಕ್ಕೆಲುಬಿನ ಕೆಳಭಾಗದ ಮೇಲೆ ಇಟ್ಟುಕೊಳ್ಳಿ. ಅದರ ಒಳಗೆ, ಎಲುಬಿನ ಮರೆಯಲ್ಲಿ, ಲಿವರ್ ಇದೆ. ಯಕೃತ್ತು ಅಂತಲೂ ಕರೆಯುತ್ತೇವೆ. ತೂಕ ಸುಮಾರು ಒಂದೂವರೆ ಕಿಲೋ. ಉಂಡ ಅನ್ನದ ಸಾರದ ಬಹುಪಾಲು ಕರುಳಿನಿಂದ ಮೊದಲು ಬರುವುದು ಇಲ್ಲಿಗೆ. ಸಕ್ಕರೆಯನ್ನು ಕೂಡಿಡುವುದು, ಕೊಬ್ಬನ್ನು ಸಂಸ್ಕರಿಸಿ ರಕ್ತಕ್ಕೆ ಕಳಿಸುವುದು, ವಿಷವನ್ನು ಮುರಿಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ತಯಾರಿಸುವುದು, ಎಲ್ಲವೂ ಇದರ ಕೆಲಸ.

ಆರೋಗ್ಯವಂತ ಲಿವರಿನಲ್ಲಿ ಕೊಬ್ಬು ತಂಗುವುದು ತೀರಾ ಕಡಿಮೆ. ನೂರು ಕೋಶಗಳಲ್ಲಿ ಐದಕ್ಕಿಂತ ಹೆಚ್ಚು ಕೋಶಗಳ ಒಳಗೆ ಕೊಬ್ಬಿನ ಹನಿಗಳು ನಿಂತರೆ ಅದು ಫ್ಯಾಟಿ ಲಿವರ್. ಎಲ್ಲಿಂದ ಬರುತ್ತದೆ ಈ ಕೊಬ್ಬು? ಕರಿದ ಎಣ್ಣೆಯಿಂದ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಮುಖ್ಯ ಕಾರಣ ಇನ್ಸುಲಿನ್ ಮಾತಿಗೆ ದೇಹ ಕಿವಿಗೊಡದಿರುವುದು. ಸೊಂಟದ ಸುತ್ತ ಬೊಜ್ಜು ಬೆಳೆದಾಗ, ಮೈ ಬಗ್ಗಿಸಿ ಕೆಲಸ ಮಾಡುವುದು ನಿಂತಾಗ, ಹೀಗಾಗುತ್ತದೆ. ಆಗ ಬೊಜ್ಜಿನಿಂದ ಕೊಬ್ಬು ಕರಗಿ ರಕ್ತದ ಮೂಲಕ ಲಿವರಿಗೆ ಹರಿಯುತ್ತದೆ. ಸಾಲದ್ದಕ್ಕೆ, ಹೆಚ್ಚಾಗಿ ತಿಂದ ಅನ್ನ, ಸಕ್ಕರೆ, ಸಿಹಿ ಪಾನೀಯಗಳನ್ನು ಲಿವರ್ ತಾನೇ ಕೊಬ್ಬಾಗಿ ಮಾಡಿ ಇಟ್ಟುಕೊಳ್ಳುತ್ತದೆ. ಒಂದು ತೊಟ್ಟು ಎಣ್ಣೆ ಮುಟ್ಟದೆ ದಿನಕ್ಕೆ ಆರು ಲೋಟ ಸಕ್ಕರೆ ಕಾಫಿ ಕುಡಿಯುವವರಿಗೂ ಫ್ಯಾಟಿ ಲಿವರ್ ಬರಬಹುದು.

ಇಲ್ಲಿ ಇನ್ನೊಂದು ನೋವಿನ ವಿಷಯವಿದೆ. ಲಿವರ್ ಹಾಳಾಗಿದೆ ಎಂದ ಕೂಡಲೇ ಜನ ಅನುಮಾನಿಸುವುದು ಕುಡಿತವನ್ನು. ಜೀವನದಲ್ಲಿ ಒಂದು ಹನಿ ಮದ್ಯ ಮುಟ್ಟದ ಹೆಂಗಸರು ಈ ಕಾಯಿಲೆಯನ್ನು ನೆಂಟರಿಗೆ ಹೇಳಲು ನಾಚಿಕೊಳ್ಳುತ್ತಾರೆ. ವೈದ್ಯರಿಗೂ ಒಂದು ಕಾಲದಲ್ಲಿ ಇದೇ ಗೊಂದಲವಿತ್ತು. ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರ್ ಊರಿನಲ್ಲಿ ಮೇಯೊ ಕ್ಲಿನಿಕ್ ಇದೆ. ಅಲ್ಲಿನ ರೋಗಶಾಸ್ತ್ರಜ್ಞ ಯೂರ್ಗನ್ ಲುಡ್‌ವಿಗ್ ಮತ್ತು ಸಂಗಡಿಗರು 1980ರಲ್ಲಿ 20 ರೋಗಿಗಳ ಲಿವರ್ ತುಣುಕುಗಳ ಬಗ್ಗೆ ಬರೆದರು. ಸೂಕ್ಷ್ಮದರ್ಶಕದಲ್ಲಿ ಅವು ಕುಡುಕರ ಲಿವರಿನಂತೆಯೇ ಕಾಣುತ್ತಿದ್ದವು. ಆದರೆ ಇವರು ಕುಡಿತದ ಚಟವಿದ್ದವರಲ್ಲ. ಹೆಚ್ಚಿನವರು ಮಹಿಳೆಯರು, ದಪ್ಪಗಿದ್ದವರು. ಹಲವರಿಗೆ ಸಕ್ಕರೆ ಕಾಯಿಲೆ ಇತ್ತು. ಮದ್ಯವಿಲ್ಲದೆಯೂ ಲಿವರ್ ಹೀಗಾಗಬಹುದು ಎಂಬುದಕ್ಕೆ ಅಂದು ಒಂದು ಹೆಸರು ಸಿಕ್ಕಿತು. ಅದಕ್ಕೇ ಹೇಳುತ್ತೇನೆ, ಈ ಕಾಯಿಲೆಗೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಮುಚ್ಚಿಟ್ಟರೆ ಮಾತ್ರ ಕೇಡು.

ಇಲ್ಲಿಯವರೆಗೆ ಕೊಬ್ಬು ಲಿವರಿಗೆ ಹೇಗೆ ಬರುತ್ತದೆ ಎಂದು ನೋಡಿದೆವು. ಕೊಬ್ಬು ಬಂದ ಮೇಲೆ ಏನಾಗುತ್ತದೆ?

ನೂರು ಫ್ಯಾಟಿ ಲಿವರ್‌ಗಳಲ್ಲಿ ಸುಮಾರು ಎಂಬತ್ತರಲ್ಲಿ ಕೊಬ್ಬು ಸುಮ್ಮನೆ ಕೂತಿರುತ್ತದೆ. ಉಳಿದ ಇಪ್ಪತ್ತರಲ್ಲಿ ಅದು ಕೋಶಗಳಿಗೆ ಕಿರುಕುಳ ಕೊಡಲು ಶುರುಮಾಡುತ್ತದೆ. ಕೋಶಗಳು ಊದಿಕೊಳ್ಳುತ್ತವೆ. ಕೆಲವು ಸಾಯುತ್ತವೆ. ಸತ್ತ ಜಾಗಕ್ಕೆ ರಕ್ಷಣೆಯ ಕೋಶಗಳು ಬಂದು ಮುತ್ತುತ್ತವೆ. ಇದೇ ಉರಿಯೂತ. ಇಲ್ಲಿಂದ ಮುಂದಿನ ಹಂತವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಲಿವರಿನ ಕೋಶಗಳ ನಡುವೆ ನಕ್ಷತ್ರದಂತೆ ಕವಲು ಚಾಚಿದ ಸಣ್ಣ ಕೋಶಗಳಿವೆ. ಜರ್ಮನಿಯ ಕಾರ್ಲ್ ಫಾನ್ ಕುಪ್ಫರ್ ಎಂಬ ವಿಜ್ಞಾನಿ 1876ರಲ್ಲಿ ಇವನ್ನು ಗುರುತಿಸಿದ. ಮಾಮೂಲಿ ದಿನಗಳಲ್ಲಿ ಇವು ಎ ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಉರಿಯೂತ ತಗಲಿದಾಗ ಇವುಗಳ ಸ್ವಭಾವವೇ ಬದಲಾಗುತ್ತದೆ. ಗಟ್ಟಿ ನಾರನ್ನು ತಯಾರಿಸಿ ಸುತ್ತ ಹಾಕತೊಡಗುತ್ತವೆ. ಮೊಣಕಾಲಿಗೆ ಆಳವಾದ ಗಾಯವಾಗಿ ವಾಸಿಯಾದ ಮೇಲೆ ಅಲ್ಲಿ ಬಿರುಸಾದ ಕಲೆ ಉಳಿಯುತ್ತದಲ್ಲ, ಅಂಥದೇ ಕಲೆ ಲಿವರಿನೊಳಗೆ ಆಗುತ್ತದೆ. ವೈದ್ಯರು ಇದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ನಾವು ನಾರುಗಟ್ಟುವುದು ಎನ್ನೋಣ.

ನಾರುಗಟ್ಟುವುದನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುತ್ತಾರೆ. ಸೊನ್ನೆ ಎಂದರೆ ನಾರಿಲ್ಲ. ನಾಲ್ಕು ಎಂದರೆ ಸಿರೋಸಿಸ್. ಇಡೀ ಲಿವರಿನಲ್ಲಿ ನಾರಿನ ಗೋಡೆಗಳು, ಅವುಗಳ ನಡುವೆ ಗಂಟು ಗಂಟಾಗಿ ಬೆಳೆದ ಕೋಶಗಳು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಲು ಉರಿಯೂತ ಇರುವವರಿಗೆ ಸರಾಸರಿ ಏಳು ವರ್ಷ, ಇಲ್ಲದವರಿಗೆ ಸುಮಾರು ಹದಿನಾಲ್ಕು ವರ್ಷ ಬೇಕು. ಸರಾಸರಿ ಎಂದೆ. ಕೆಲವರು ಬೇಗ ಹೋಗುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ, ಜೊತೆಗೆ ಕುಡಿತವೂ ಇದ್ದರೆ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಸೇರಿಕೊಂಡಿದ್ದರೆ ನಡೆ ಚುರುಕಾಗುತ್ತದೆ. ಹುಟ್ಟಿನಿಂದ ಬಂದ ಜೀನುಗಳ ಪಾತ್ರವೂ ಇದೆ. ಹಾಗಾಗಿಯೇ ಒಂದೇ ಮನೆಯಲ್ಲಿ, ಒಂದೇ ಊಟ ಉಂಡ ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಸಿರೋಸಿಸ್ ಆಗಿ ಇನ್ನೊಬ್ಬರಿಗೆ ಏನೂ ಆಗದಿರಬಹುದು.

ಇಷ್ಟೆಲ್ಲ ಆಗುವಾಗ ನೋವು? ಇಲ್ಲ. ಜ್ವರ? ಇಲ್ಲ. ಸ್ವಲ್ಪ ಸುಸ್ತು ಇರಬಹುದು, ಅದನ್ನು ಯಾರೂ ಲಿವರಿನ ಲೆಕ್ಕಕ್ಕೆ ಹಾಕುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬುವುದು, ಕಣ್ಣು ಹಳದಿಯಾಗುವುದು, ರಕ್ತ ವಾಂತಿಯಾಗುವುದು, ಮಾತು ತೊದಲಿ ಮಂಕು ಕವಿಯುವುದು, ಇವೆಲ್ಲ ಕಾಣುವಷ್ಟರಲ್ಲಿ ಸಿರೋಸಿಸ್ ಬಲಿತಿರುತ್ತದೆ.

ಕೊಬ್ಬು, ಉರಿಯೂತ, ನಾರು, ಸಿರೋಸಿಸ್. ಈ ನಾಲ್ಕು ಹೆಸರು ನೆನಪಿಟ್ಟುಕೊಂಡು ಮುಂದೆ ಹೋಗೋಣ. ಕ್ಯಾನ್ಸರ್ ಎಲ್ಲಿ ಹುಟ್ಟುತ್ತದೆ?

ಲಿವರಿಗೆ ಮತ್ತೆ ಬೆಳೆಯುವ ಶಕ್ತಿ ಇದೆ. ಒಂದಷ್ಟು ಭಾಗ ಕತ್ತರಿಸಿ ತೆಗೆದರೂ ಉಳಿದದ್ದು ಬೆಳೆದು ತನ್ನ ಗಾತ್ರಕ್ಕೆ ಮರಳುತ್ತದೆ. ಜೀವ ಉಳಿಸುವ ಈ ಗುಣವೇ ರೋಗಗ್ರಸ್ತ ಲಿವರಿನಲ್ಲಿ ಗಂಡಾಂತರ ತರುತ್ತದೆ. ಉರಿಯೂತದಿಂದ ದಿನವೂ ಕೋಶಗಳು ಸಾಯುತ್ತವೆ. ಅವುಗಳ ಜಾಗ ತುಂಬಲು ಪಕ್ಕದ ಕೋಶಗಳು ಮತ್ತೆ ಮತ್ತೆ ಒಡೆದು ಎರಡಾಗುತ್ತವೆ. ಒಡೆಯುವಾಗೆಲ್ಲ ಡಿಎನ್‌ಎಯ ಪ್ರತಿ ತೆಗೆಯಬೇಕು. ಸುತ್ತಲಿನ ವಾತಾವರಣವೋ ಡಿಎನ್‌ಎಯನ್ನು ಕೆಡಿಸುವಂಥದು. ಕೊಬ್ಬು ಉರಿದಾಗ ಹುಟ್ಟುವ ಹಾನಿಕಾರಕ ಆಮ್ಲಜನಕ ಅಣುಗಳು ಅಲ್ಲಿ ತುಂಬಿರುತ್ತವೆ. ರಕ್ತದಲ್ಲಿ ಹೆಚ್ಚಾಗಿರುವ ಇನ್ಸುಲಿನ್ ಕೋಶಗಳಿಗೆ ‘ಬೆಳೆ, ಬೆಳೆ’ ಎನ್ನುತ್ತಿರುತ್ತದೆ. ದಾರಿ ತಪ್ಪಿದ ಕೋಶವನ್ನು ಹಿಡಿದು ಕೊಲ್ಲಬೇಕಾದ ರಕ್ಷಣಾ ಕೋಶಗಳು ವರ್ಷಗಟ್ಟಲೆ ಹೋರಾಡಿ ದಣಿದಿರುತ್ತವೆ. ಹೀಗೆ ವರ್ಷಗಳು ಕಳೆದಾಗ ಎಲ್ಲೋ ಒಂದು ಕೋಶದಲ್ಲಿ ತಪ್ಪುಗಳು ಒಂದರ ಮೇಲೊಂದು ಕೂಡುತ್ತವೆ. ಲಿವರ್ ಕ್ಯಾನ್ಸರಿನ ಹತ್ತು ಗಡ್ಡೆಗಳಲ್ಲಿ ಸುಮಾರು ಆರರಲ್ಲಿ ಟರ್ಟ್ ಎಂಬ ಜೀನಿನ ನಿಯಂತ್ರಣ ಕೆಟ್ಟಿರುವುದು ಕಂಡಿದೆ. ಅದು ಕೆಟ್ಟರೆ ಕೋಶ ಮುಪ್ಪಾಗುವುದನ್ನೇ ಮರೆಯುತ್ತದೆ. ಸಾಯಬೇಕಾದ ಹೊತ್ತಿಗೆ ಸಾಯುವುದಿಲ್ಲ. ಬೆಳೆಯುತ್ತಲೇ ಹೋಗುತ್ತದೆ.

ಎಷ್ಟು ಜನರಿಗೆ ಹೀಗಾಗುತ್ತದೆ? ಫ್ಯಾಟಿ ಲಿವರಿನಿಂದ ಸಿರೋಸಿಸ್ ಆದ ನೂರು ಮಂದಿಯಲ್ಲಿ ಪ್ರತಿ ವರ್ಷ ಒಬ್ಬರು ಅಥವಾ ಇಬ್ಬರಿಗೆ. ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಸಣ್ಣ ಸಂಖ್ಯೆಯಲ್ಲ. ಸಿರೋಸಿಸ್ ಇಲ್ಲದ ಫ್ಯಾಟಿ ಲಿವರಿನವರಿಗೆ ವರ್ಷದ ಅಪಾಯ ಸಾವಿರಕ್ಕೆ ಒಬ್ಬರಿಗಿಂತಲೂ ಬಹಳ ಕಡಿಮೆ. ಹಾಗಾಗಿ ‘ಗ್ರೇಡ್ ಒನ್’ ಎಂದು ಓದಿದವರು ರಾತ್ರಿ ನಿದ್ದೆಗೆಡಬೇಕಾಗಿಲ್ಲ. ನಿಜ ಹೇಳಬೇಕೆಂದರೆ, ಫ್ಯಾಟಿ ಲಿವರ್ ಇರುವವರ ಜೀವ ತೆಗೆಯುವುದರಲ್ಲಿ ಹೃದ್ರೋಗದ್ದೇ ಮೊದಲ ಸ್ಥಾನ.

ಆದರೂ ಒಂದು ವಿಚಿತ್ರ ಸಂಗತಿಯನ್ನು ಮುಚ್ಚಿಡಬಾರದು. ವೈರಸ್ಸಿನಿಂದಲೋ ಕುಡಿತದಿಂದಲೋ ಬರುವ ಲಿವರ್ ಕ್ಯಾನ್ಸರ್ ಹೆಚ್ಚಾಗಿ ಸಿರೋಸಿಸ್ ದಾಟಿಯೇ ಬರುತ್ತದೆ. ಫ್ಯಾಟಿ ಲಿವರಿನಿಂದ ಬರುವ ಕ್ಯಾನ್ಸರುಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಿರೋಸಿಸ್ ಇಲ್ಲದವರಲ್ಲೇ ಕಾಣಿಸಿಕೊಂಡಿದೆ. ಮೇಲೆ ಹೇಳಿದ ಲೆಕ್ಕಕ್ಕೂ ಇದಕ್ಕೂ ವಿರೋಧವಿಲ್ಲ. ಒಬ್ಬೊಬ್ಬರ ಅಪಾಯ ಚಿಕ್ಕದು, ಆದರೆ ಫ್ಯಾಟಿ ಲಿವರ್ ಇರುವವರೇ ಕೋಟಿಗಟ್ಟಲೆ. ಸಕ್ಕರೆ ಕಾಯಿಲೆ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಇಲ್ಲದವರಿಗಿಂತ ಎರಡು ಪಟ್ಟು, ಕೆಲವು ಅಧ್ಯಯನಗಳಲ್ಲಿ ಅದಕ್ಕೂ ಹೆಚ್ಚು. ನಮ್ಮ ದೇಶದಲ್ಲಿ ಹತ್ತು ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ 2023ರ ವರದಿ ಹೇಳಿತು. ಹಾಗಾಗಿ ಸಕ್ಕರೆ ಕಾಯಿಲೆಯವರು ಕಣ್ಣು, ಕಿಡ್ನಿ, ಪಾದ ತೋರಿಸಿಕೊಳ್ಳುವಂತೆ ಲಿವರನ್ನೂ ತೋರಿಸಿಕೊಳ್ಳಬೇಕು.

ದಾರಿ ಗೊತ್ತಾಯಿತು. ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ.

ಸ್ಕ್ಯಾನಿಂಗ್ ರಿಪೋರ್ಟಿನ ‘ಗ್ರೇಡ್’ ಏನು ಹೇಳುತ್ತದೆ? ಕೊಬ್ಬು ಎಷ್ಟಿದೆ ಎಂದು ಹೇಳುತ್ತದೆ. ಮುಂದೆ ಸಿರೋಸಿಸ್ ಆಗುತ್ತದೆಯೇ, ಕ್ಯಾನ್ಸರ್ ಬರುತ್ತದೆಯೇ ಎಂದು ಹೇಳುವುದು ಕೊಬ್ಬಿನ ಪ್ರಮಾಣವಲ್ಲ, ನಾರಿನ ಪ್ರಮಾಣ. ನಾರನ್ನು ಮಾಮೂಲಿ ಸ್ಕ್ಯಾನಿಂಗ್ ಅಳೆಯುವುದಿಲ್ಲ. ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಸಿರೋಸಿಸ್ ಬಲಿತಂತೆ ಲಿವರಿನ ಕೊಬ್ಬು ಕರಗಿಹೋಗಬಹುದು. ಹಿಂದೆ ಗ್ರೇಡ್ ಮೂರು ಇದ್ದದ್ದು ಗ್ರೇಡ್ ಒಂದಾಗಬಹುದು. ಮನೆಯವರು ವಾಸಿಯಾಗುತ್ತಿದೆ ಎಂದು ಸಂತೋಷಪಡುತ್ತಾರೆ. ಬೊಜ್ಜು ಇಳಿಸಿ, ಸಕ್ಕರೆ ಹತೋಟಿಗೆ ತಂದು ಕೊಬ್ಬು ಇಳಿದಿದ್ದರೆ ಸಂತೋಷವೇ. ಏನೂ ಮಾಡದೆ ತಾನಾಗಿ ಇಳಿದಿದ್ದರೆ ಎಚ್ಚರ ವಹಿಸಬೇಕು. ಕಾರಣ ಗೊತ್ತಾಗದ ಸಿರೋಸಿಸ್ ಎಂದು ಹಿಂದೆ ಬರೆದಿಡುತ್ತಿದ್ದ ಎಷ್ಟೋ ಪ್ರಕರಣಗಳು ಹೀಗೆ ಕೊಬ್ಬು ಕರಗಿದ ಫ್ಯಾಟಿ ಲಿವರುಗಳೇ ಆಗಿದ್ದವು ಎಂದು ವೈದ್ಯಲೋಕ ಆಮೇಲೆ ಅರಿತುಕೊಂಡಿತು. ಆದ್ದರಿಂದ ವೈದ್ಯರ ಹತ್ತಿರ ‘ಯಾವ ಗ್ರೇಡು?’ ಎಂದು ಕೇಳಬೇಡಿ. ‘ನಾರುಗಟ್ಟಿದೆಯೇ? ಎಷ್ಟು?’ ಎಂದು ಕೇಳಿ.

ಅದನ್ನು ತಿಳಿಯಲು ಲಿವರಿಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಬೇಕೇ? ಎಲ್ಲರಿಗೂ ಬೇಡ. ಮೊದಲ ಹೆಜ್ಜೆಗೆ ಒಂದು ಪೆನ್ನು, ಒಂದು ಕಾಗದ ಸಾಕು. ಇದಕ್ಕೆ ಫಿಬ್-4 ಎಂದು ಹೆಸರು. ಬೇಕಾದವು ನಾಲ್ಕೇ ಸಂಖ್ಯೆಗಳು. ನಿಮ್ಮ ವಯಸ್ಸು, ರಕ್ತಪರೀಕ್ಷೆಯ ಎಸ್‌ಜಿಒಟಿ, ಎಸ್‌ಜಿಪಿಟಿ, ಮತ್ತು ಪ್ಲೇಟ್‌ಲೆಟ್ ಎಣಿಕೆ. ಯಾವ ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೂ ಆಗುವ ಪರೀಕ್ಷೆಗಳಿವು.

ಉದಾಹರಣೆಗೆ ಒಬ್ಬ ಮೇಷ್ಟ್ರನ್ನು ಊಹಿಸಿಕೊಳ್ಳಿ. ವಯಸ್ಸು 56. ಎಸ್‌ಜಿಒಟಿ 60. ಎಸ್‌ಜಿಪಿಟಿ 49. ಪ್ಲೇಟ್‌ಲೆಟ್ ಒಂದು ಲಕ್ಷ ಅರವತ್ತು ಸಾವಿರ. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಒನ್. ಮೊದಲು ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. 56 ಗುಣಿಸು 60, ಬಂತು 3360. ಎಸ್‌ಜಿಪಿಟಿಯ ವರ್ಗಮೂಲ ತೆಗೆಯಿರಿ. 49ರದು 7. ಅದನ್ನು ಪ್ಲೇಟ್‌ಲೆಟ್‌ನ ಸಾವಿರದ ಲೆಕ್ಕದಿಂದ, ಅಂದರೆ 160ರಿಂದ ಗುಣಿಸಿ. 1120. ಈಗ ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ಉತ್ತರ 3. ಈ ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ಬಲವಾಗಿ ನಾರುಗಟ್ಟಿರುವ ಸಂಭವ ಕಡಿಮೆ. 2.67ಕ್ಕಿಂತ ಹೆಚ್ಚಿದ್ದರೆ ಸಂಭವ ಹೆಚ್ಚು. ನಮ್ಮ ಮೇಷ್ಟ್ರದು 3. ಗ್ರೇಡ್ ಒನ್ ಎಂದು ನೆಮ್ಮದಿಯಾಗಿದ್ದ ಅವರು ಕೂಡಲೇ ಲಿವರ್ ತಜ್ಞರನ್ನು ಕಾಣಬೇಕು. ಒಂದೊಂದು ಸಂಖ್ಯೆಯನ್ನು ಬಿಡಿಯಾಗಿ ನೋಡಿದಾಗ ಗಾಬರಿ ಹುಟ್ಟಿಸುವಷ್ಟು ಏರುಪೇರು ಇಲ್ಲದಿದ್ದರೂ, ನಾಲ್ಕೂ ಸೇರಿದಾಗ ವಿಷಯ ಹೊರಬೀಳುತ್ತದೆ. ಮೂವತ್ತೈದು ದಾಟದವರಿಗೆ ಈ ಲೆಕ್ಕ ಅಷ್ಟು ನಂಬಿಕೆಯದಲ್ಲ. ಅರವತ್ತೈದು ದಾಟಿದವರಿಗೆ 1.3ರ ಬದಲು 2 ಎಂದು ಹಿಡಿಯುತ್ತಾರೆ.

ಎರಡನೆಯ ಹೆಜ್ಜೆ ಫೈಬ್ರೋಸ್ಕ್ಯಾನ್. ಪಕ್ಕೆಲುಬಿನ ನಡುವೆ ಒಂದು ಉಪಕರಣ ಇಟ್ಟು ಮೆಲ್ಲಗೆ ತಟ್ಟುತ್ತಾರೆ. ಆ ತಟ್ಟಿನ ಅಲೆ ಲಿವರಿನಲ್ಲಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಯಂತ್ರ ಅಳೆಯುತ್ತದೆ. ಲಿವರ್ ಬಿರುಸಾದಷ್ಟೂ ಅಲೆ ವೇಗವಾಗಿ ಓಡುತ್ತದೆ. ನೋವಿಲ್ಲ, ಸೂಜಿಯಿಲ್ಲ. ಹತ್ತು ನಿಮಿಷದ ಕೆಲಸ.

ನಾರನ್ನು ಗುರುತಿಸುವ ಬಗೆ ಇದು. ಇನ್ನು, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?

ಮನೆಯಲ್ಲಿ ಟೈಲರ್ ಟೇಪ್ ಇದ್ದರೆ ತೆಗೆದುಕೊಳ್ಳಿ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಪರೀಕ್ಷೆ ಬೇಕು. ಭಾರತ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಟೇಪ್ ಹಿಡಿದು ಬಂದರೆ ನಗಬೇಡಿ, ಸಂಕೋಚಪಡಬೇಡಿ. ಆ ಅಳತೆಗೆ ಅರ್ಥವಿದೆ.

ಹಾಗೆಂದು ತೆಳ್ಳಗಿರುವವರು ತಮಗಲ್ಲ ಎಂದು ರೇಡಿಯೊ ಆರಿಸಬೇಡಿ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅಲ್ಲಿ ಬಡ, ದುಡಿಯುವ ಜನ. ನೂರು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ದಪ್ಪಗಿರಲೇ ಇಲ್ಲ. ನಮ್ಮ ಜನರ ಮೈಕಟ್ಟೇ ಹಾಗೆ. ಕೈಕಾಲು ಸಣ್ಣ, ಕೊಬ್ಬು ಹೊಟ್ಟೆಯೊಳಗೆ.

ಹಾಗಾದರೆ ಮಾಡಬೇಕಾದ್ದೇನು? ತೂಕ ಇಳಿಸುವುದೇ ಇಂದಿಗೂ ಮೊದಲ ಔಷಧ. 80 ಕಿಲೋ ಇರುವವರು 4 ಕಿಲೋ ಇಳಿಸಿದರೆ ಕೊಬ್ಬು ಕರಗತೊಡಗುತ್ತದೆ. ಐದೂವರೆ ಕಿಲೋ ಇಳಿಸಿದರೆ ಬಹಳ ಮಂದಿಯಲ್ಲಿ ಉರಿಯೂತ ಶಮನವಾಗುತ್ತದೆ. 8 ಕಿಲೋ ಇಳಿಸಿದವರಲ್ಲಿ ಹಲವರ ನಾರೇ ಹಿಂದೆ ಸರಿದಿದೆ. ಮೊಣಕಾಲಿನ ಕಲೆ ಹೋಗುವುದಿಲ್ಲ, ಲಿವರಿನ ಕಲೆ ಹೋಗಬಲ್ಲದು. ಇದು ಎಂಥ ಭಾಗ್ಯ ಎಂದು ಯೋಚಿಸಿ. ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕೆಂದು ಕೆಲವರು ಎರಡು ಮುದ್ದೆಯ ಜಾಗದಲ್ಲಿ ಮೂರು ಉಣ್ಣುತ್ತಾರೆ. ರಾಗಿ ಒಳ್ಳೆಯದೇ, ಆದರೆ ಅದೂ ಹಿಟ್ಟೇ. ತಟ್ಟೆಯಲ್ಲಿ ಹಿಟ್ಟಿನ ಪಾಲು ಇಳಿಯಬೇಕು, ಕಾಳು, ಸೊಪ್ಪು, ತರಕಾರಿಯ ಪಾಲು ಏರಬೇಕು. ಹಣ್ಣು ತಿನ್ನಿ, ಜ್ಯೂಸ್ ಬಿಡಿ. ದಿನಾ ಬೆವರು ಬರುವಂತೆ ನಡೆಯಿರಿ. ಚಿಕ್ಕಮಗಳೂರು, ಕೊಡಗಿನ ಕೇಳುಗರಿಗೆ ಒಂದು ಸಂತೋಷದ ಸುದ್ದಿ ಇದೆ. ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವವರಲ್ಲಿ ಲಿವರ್ ನಾರುಗಟ್ಟುವುದೂ ಲಿವರ್ ಕ್ಯಾನ್ಸರೂ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಸಕ್ಕರೆ ಮಾತ್ರ ಹಾಕಬೇಡಿ.

ಮದ್ಯದ ಬಗ್ಗೆ ನನ್ನ ಮಾತು ಕಟುವಾಗಿಯೇ ಇರಲಿ. ಫ್ಯಾಟಿ ಲಿವರ್ ಇರುವವರಿಗೆ ‘ವಾರಕ್ಕೊಮ್ಮೆ ಸ್ವಲ್ಪ’ ಎಂಬುದೂ ಬೇಡ. ಹಾಗೆಯೇ, ಲಿವರ್ ಶುದ್ಧಿ ಮಾಡುತ್ತದೆಂದು ಯಾರೋ ಕೊಟ್ಟ ಪುಡಿ, ಕಷಾಯಗಳನ್ನು ಪರೀಕ್ಷೆಯಿಲ್ಲದೆ ನುಂಗಬೇಡಿ. ಲಿವರಿಗೆ ಪೆಟ್ಟು ಕೊಡುವ ಗಿಡಮೂಲಿಕೆಗಳೂ ಇವೆ. ಇನ್ನು, ಕೊಲೆಸ್ಟರಾಲ್ ಮಾತ್ರೆ ಲಿವರಿಗೆ ಕೆಟ್ಟದ್ದೆಂದು ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ಫ್ಯಾಟಿ ಲಿವರ್ ಇದ್ದರೂ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳಬಹುದು, ಅದು ಹೃದಯವನ್ನು ಕಾಯುತ್ತದೆ. ಹೊಸ ಔಷಧಗಳೂ ಬಂದಿವೆ. ಉರಿಯೂತ ಮತ್ತು ನಾರು ಎರಡೂ ಇರುವವರಿಗೆಂದು ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಮ್, 2025ರಲ್ಲಿ ಸೆಮಾಗ್ಲುಟೈಡ್ ಒಪ್ಪಿಗೆ ಪಡೆದವು. ಸಿರೋಸಿಸ್ ಆದವರಿಗೆ ಆ ಒಪ್ಪಿಗೆ ಇಲ್ಲ. ಔಷಧಕ್ಕೂ ಸಮಯ ಮೀರಬಾರದು ಎಂಬುದು ಇದರಿಂದಲೇ ತಿಳಿಯುತ್ತದೆ.

ಕೊನೆಯದಾಗಿ, ಈಗಾಗಲೇ ಸಿರೋಸಿಸ್ ಆಗಿದೆ ಎಂದು ತಿಳಿದಿರುವವರಿಗೆ, ಅವರ ಮನೆಯವರಿಗೆ ಕೆಲವು ಮಾತು. ಇಲ್ಲಿಗೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಡಿ. ಪ್ರತಿ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಆರೇ ತಿಂಗಳು ಏಕೆ? ಲಿವರಿನ ಗಡ್ಡೆ ಎರಡು ಪಟ್ಟಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ವರ್ಷ ಬಿಟ್ಟರೆ ಕೈಮೀರಬಹುದು. ಎರಡು ಮೂರು ಸೆಂಟಿಮೀಟರ್ ಇರುವಾಗ ಸಿಕ್ಕರೆ ಶಸ್ತ್ರಕ್ರಿಯೆಯಿಂದ ತೆಗೆಯಬಹುದು, ಸೂಜಿ ತೂರಿಸಿ ಬಿಸಿಯಿಂದ ಸುಡಬಹುದು, ಲಿವರ್ ಕಸಿ ಮಾಡಬಹುದು. ಹಾಗೆ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ನೋವು ಬಂದ ಮೇಲೆ, ಕಾಮಾಲೆಯಾದ ಮೇಲೆ ಸಿಕ್ಕ ಗಡ್ಡೆಗೆ ಆ ಅವಕಾಶ ಬಹಳ ಕಡಿಮೆ. ಮೈ ದಪ್ಪಗಿರುವವರಲ್ಲಿ ಅಲ್ಟ್ರಾಸೌಂಡ್ ಮಸುಕಾಗಿ ಕಾಣುವುದುಂಟು. ‘ಸರಿಯಾಗಿ ಕಂಡಿತೇ, ಸಿಟಿ ಅಥವಾ ಎಂಆರ್‌ಐ ಬೇಕೇ?’ ಎಂದು ಕೇಳುವ ಹಕ್ಕು ನಿಮಗಿದೆ.

ಬೀರುವಿನಲ್ಲಿರುವ ಹಳೆಯ ರಿಪೋರ್ಟುಗಳನ್ನು ಈ ವಾರವೇ ಹೊರತೆಗೆಯಿರಿ. ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಇದ್ದರೆ ಲೆಕ್ಕ ಹಾಕಿ. ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬನ್ನಿ. ಸಿರೋಸಿಸ್ ಇರುವ ಅಪ್ಪನೋ ಅಮ್ಮನೋ ಮನೆಯಲ್ಲಿದ್ದರೆ ಮುಂದಿನ ಸ್ಕ್ಯಾನಿಂಗ್ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ, ಆ ದಿನ ನೀವೇ ಕರೆದುಕೊಂಡು ಹೋಗಿ.